ಬಳಿಯುವ ಮೊದಲು ಕೆರೆಯಬೇಕು

ಟೊರಾಂಟೊದಲ್ಲಿ ನಾವಿರುವ ಇಟ್ಟಿಗೆಯ ಮನೆಯನ್ನು ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ಸುತ್ತು ಬಂದು, ಕಿಟಕಿಯ ಚೌಕಟ್ಟು ಗೋಡೆಗೆ ಸೇರುವ ಸಂದುಗಳನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಬೇಸಿಗೆಯಲ್ಲಿ 30 ಡಿಗ್ರಿ ದಾಟುವ, ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯಬಲ್ಲ ಈ ಊರಿನಲ್ಲಿ, ಸಂದಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಇಟ್ಟಿಗೆಯೇ ಪದರ ಪದರವಾಗಿ ಉದುರುತ್ತದೆ.

ಮೊದಲ ಸಲ ಇಲ್ಲಿ ಸೀಲೆಂಟ್, ಅಂದರೆ ಸಂದು ಮುಚ್ಚುವ ಸಿಲಿಕೋನಿನಂಥ ಅಂಟು, ಹಾಕುವ ಕೆಲಸಕ್ಕೆ ಕರೆಸಿದವರು ಅರ್ಧ ದಿನ ದುಡಿದರು. ಅದರಲ್ಲಿ ಸಿಲಿಕೋನ್ ಗನ್ ಕೈಗೆತ್ತಿಕೊಂಡದ್ದು ಕೊನೆಯ ಅರ್ಧ ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಹಳೆಯ ಸಿಲಿಕೋನನ್ನು ಕೆರೆದು ತೆಗೆಯುವುದು, ಸಂದನ್ನು ಒರೆಸಿ ಒಣಗಿಸುವುದು, ಅಗಲವಾದ ಕಡೆ ಫೋಮಿನ ಹುರಿ ತುರುಕುವುದು. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಕಚ್ಚುವುದಿಲ್ಲ. ಇನ್ನು ಆ ಹುರಿ ಇರುವುದು, ಸೀಲೆಂಟು ಸಂದಿನ ಎರಡು ಬದಿಗಳಿಗಷ್ಟೇ ಅಂಟಿ ಹಿಂಬದಿಗೆ ಅಂಟದಿರಲಿ ಎಂದು. ಮೂರೂ ಕಡೆ ಅಂಟಿದರೆ ಅದಕ್ಕೆ ಹಿಗ್ಗಿ ಕುಗ್ಗಲು ಎಡೆಯಿಲ್ಲದೆ ಹರಿದುಹೋಗುತ್ತದೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ತಾರಸಿಯೂ ಪ್ಯಾರಪೆಟ್ ಗೋಡೆಯೂ ಕೂಡುವ ಗೆರೆಯಿಂದ ವರ್ಷಗಟ್ಟಲೆ ನೀರು ಇಳಿಯುತ್ತಿತ್ತು. ಪ್ರತಿ ಮೇ ತಿಂಗಳಲ್ಲಿ ಸಿಮೆಂಟ್ ಹಾಲು ಬಳಿಸುತ್ತಿದ್ದೆವು. ಹಗಲಿಡೀ ಕಾದ ಕಾಂಕ್ರೀಟಿನ ಮೇಲೆ ಮಳೆ ಸುರಿದಾಗ ಅದು ಕುಗ್ಗುತ್ತದೆ, ಬಾಗದ ಸಿಮೆಂಟು ಬಿರಿಯುತ್ತದೆ, ಒಳಗಿನ ಗೋಡೆಯಲ್ಲಿ ಮತ್ತೆ ಅದೇ ಜಾಗದಲ್ಲಿ ಬಣ್ಣ ಉಬ್ಬುತ್ತದೆ. ಇದನ್ನು ಮೇಸ್ತ್ರಿಯ ತಪ್ಪೆಂದು ನಾನು ಹೇಳಲಾರೆ. ಬಳಿಯಲು ಎಷ್ಟು ಕೊಡಬೇಕೆಂದು ಚೌಕಾಸಿ ಮಾಡುವ ನಾವು, ಕೆರೆಯುವ ಎರಡು ದಿನದ ಕೂಲಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಿರುವಾಗ ಅವರು ಹಳೆಯದರ ಮೇಲೆಯೇ ಬಳಿದು ಹೋಗದೆ ಇನ್ನೇನು ಮಾಡಿಯಾರು?

ಹಾಗೆಂದು ಇಲ್ಲಿಯ ಕ್ರಮವೇ ಮೇಲು ಎಂದು ಭಾವಿಸಬೇಕಾಗಿಲ್ಲ. ಅಜ್ಜಿಯ ಹೆಂಚಿನ ಮನೆಯಲ್ಲಿ ಸೀಲೆಂಟ್ ಎಂಬುದೇ ಇರಲಿಲ್ಲ. ಇಳಿಜಾರಾದ ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸುವ ಪದ್ಧತಿ, ಇಷ್ಟೇ ಮಲೆನಾಡಿನ ಮಳೆಯನ್ನು ತಡೆಯುತ್ತಿದ್ದವು. ನೀರಿಗೆ ಹೊರಹೋಗುವ ದಾರಿ ಬಿಡಬೇಕೆಂಬ ಆ ತಿಳಿವಳಿಕೆ ಟೊರಾಂಟೊದ ಇಟ್ಟಿಗೆ ಗೋಡೆಯಲ್ಲಿಯೂ ಇದೆ: ಗೋಡೆಯ ಬುಡದಲ್ಲಿ ನೀರು ಬಸಿಯಲು ಬಿಟ್ಟ ಕಿಂಡಿಗಳನ್ನು ಎಂದೂ ಮುಚ್ಚಬಾರದು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸ್ಲೈಡಿಂಗ್ ಕಿಟಕಿಯ ಹೊರಪಟ್ಟಿಯ ಸಣ್ಣ ತೂತುಗಳಿಗೂ ಸಿಲಿಕೋನ್ ತುಂಬಿ, ಆಮೇಲೆ ನೀರು ಒಳಗೆ ಬರುತ್ತಿದೆ ಎಂದು ಕೊರಗುವವರನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಗುತ್ತದೆ.

ಅಂಗಡಿಯಲ್ಲಿ ಕೇಳಿ ಕೊಳ್ಳುವುದೂ ಮುಖ್ಯ. ಹಾಕುವಾಗ ವಿನಿಗರ್ ವಾಸನೆ ಬರುವ ಸಿಲಿಕೋನು ಗಾಜಿಗೆ ಒಳ್ಳೆಯದು; ಅಮೃತಶಿಲೆ, ಕಾಂಕ್ರೀಟು, ಲೋಹಗಳಿಗೆ ಅದರ ಆಮ್ಲ ಹಾನಿ ಮಾಡುವುದರಿಂದ ನ್ಯೂಟ್ರಲ್ ಸಿಲಿಕೋನೇ ಬೇಕು. ಸಿಲಿಕೋನಿನ ಮೇಲೆ ಪೇಂಟ್ ನಿಲ್ಲುವುದಿಲ್ಲವಾದ್ದರಿಂದ, ಒಳಗೋಡೆಯ ಸಣ್ಣ ಬಿರುಕಿಗೆ ಅಕ್ರಿಲಿಕ್ ಸೀಲೆಂಟ್ ಸಾಕು.

ಕಳೆದ ಸಲ ಊರಿಗೆ ಹೋದಾಗ ಮೇಸ್ತ್ರಿಯವರಿಗೆ ಕೆರೆಯುವ ಕೂಲಿಯನ್ನೇ ಮೊದಲು ಗೊತ್ತುಮಾಡಿ, ಪ್ಯಾರಪೆಟ್ಟಿನ ಬುಡವನ್ನು ಪೂರ್ತಿ ಬಿಡಿಸಿ, ಒಣಗಿದ ಮೇಲೆ ಹಿಗ್ಗಿ ಕುಗ್ಗಬಲ್ಲ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿಸಿದೆ. ಅದೂ ಶಾಶ್ವತವಲ್ಲ. ಮೇ ತಿಂಗಳಲ್ಲಿ ತಾರಸಿ ಹತ್ತಿ ಆ ಗೆರೆಯನ್ನು ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡು ಎಂದು ತಮ್ಮನಿಗೆ ಹೇಳಿಬಂದಿದ್ದೇನೆ.