ಬೆಟ್ಟದ ಬುಡ ಎಲ್ಲಿಂದ ಶುರು?

ಇಟಲಿಯ ಸೈಕಲ್ ಸವಾರ ಮಾರ್ಕೊ ಪಂತಾನಿ, ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಹೆಸರಾಂತ ಬೆಟ್ಟ ಆಲ್ಪ್ ಡುಯೆಜ್ ಅನ್ನು ಅತಿ ವೇಗವಾಗಿ ಏರಿದಾಗ ಎಷ್ಟು ಹೊತ್ತು ತೆಗೆದುಕೊಂಡರು? ಇಷ್ಟು ಸರಳವಾದ ಪ್ರಶ್ನೆಗೆ ಸೈಕ್ಲಿಂಗ್ ಜಗತ್ತಿನಲ್ಲಿ ಇಂದಿಗೂ ಒಂದೇ ಉತ್ತರವಿಲ್ಲ. ಬಹುಕಾಲ ಎಲ್ಲರ ಬಾಯಲ್ಲಿದ್ದದ್ದು 1997ರ 37 ನಿಮಿಷ 35 ಸೆಕೆಂಡ್. ಇನ್ನೊಂದು ಪಟ್ಟಿಯನ್ನು ತೆರೆದರೆ 1995ರಲ್ಲಿ ಅವರು 37 ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಏರಿದ್ದರೆಂಬ ಲೆಕ್ಕ ಸಿಗುತ್ತದೆ. ಸವಾರ ಅದೇ, ಬೆಟ್ಟ ಅದೇ, ಇಪ್ಪತ್ತೊಂದು ತಿರುವುಗಳೂ ಅವೇ. ಬೇರೆಯಾಗಿರುವುದು ವರ್ಷ ಮಾತ್ರವಲ್ಲ, ಏರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ತೀರ್ಮಾನವೂ ಬೇರೆ.

ಒಮ್ಮೆ ಹಳೆಯ ಪ್ರಸಾರದ ದೃಶ್ಯಗಳನ್ನು ಇಟ್ಟುಕೊಂಡು ನಾನೇ ಅಳೆಯಲು ಕುಳಿತಿದ್ದೆ. ಬೂರ್ ದ್ವಾಸಾನ್ ಊರು ದಾಟಿದ ಮೇಲೆ ರಸ್ತೆ ಸ್ವಲ್ಪ ದೂರ ಸಪಾಟಾಗಿ ಸಾಗಿ, ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಅಲ್ಲಿ ಗಡಿಯಾರ ಒತ್ತಬೇಕು ಎಂದುಕೊಂಡು ಕಾಯುತ್ತಿದ್ದರೆ, ಸರಿಯಾಗಿ ಆ ಹೊತ್ತಿಗೇ ಚಿತ್ರ ಹೆಲಿಕಾಪ್ಟರ್‌ನ ಕ್ಯಾಮೆರಾಕ್ಕೆ ಹೊರಳಿತು. ಮೂರು ಸಲ ಅಳೆದೆ, ಮೂರು ಬೇರೆ ಬೇರೆ ಸಮಯ ಬಂತು. ದಾಖಲೆ ಎಂದು ನಾವು ಇಷ್ಟು ಭಕ್ತಿಯಿಂದ ಉಚ್ಚರಿಸುವ ಅಂಕಿಗಳಲ್ಲಿ ಎಷ್ಟೋ ಹೀಗೆಯೇ ಪರದೆಯ ಮುಂದೆ ಕುಳಿತ ಅಭಿಮಾನಿಗಳ ಕೈಯಲ್ಲಿ ಹುಟ್ಟಿದವು ಎಂಬುದು ಅಂದು ನನಗೆ ಮನದಟ್ಟಾಯಿತು.

ಇದನ್ನು ಅವರ ಶ್ರಮವನ್ನು ಹಗುರ ಮಾಡಲು ಹೇಳುತ್ತಿಲ್ಲ. ನನ್ನ ತಕರಾರು ಆ ಅಂಕಿಗಳನ್ನು ನಾವು ಓದುವ ರೀತಿಯ ಬಗ್ಗೆ. ಒಂದು ಗಂಟೆಯಲ್ಲಿ ಕ್ರಮಿಸುವ ದೂರದ ದಾಖಲೆಯನ್ನೇ ನೋಡಿ: 2022ರ ಅಕ್ಟೋಬರ್‌ನಲ್ಲಿ ಫಿಲಿಪ್ಪೊ ಗಾನ್ನಾ ಒಳಾಂಗಣ ಟ್ರ್ಯಾಕ್‌ನಲ್ಲಿ 56.792 ಕಿ.ಮೀ. ಕ್ರಮಿಸಿದರು, ಸೈಕಲ್‌ನ ಆಕಾರ, ಟ್ರ್ಯಾಕ್, ಗಡಿಯಾರ ಎಲ್ಲಕ್ಕೂ ನಿಯಮವಿತ್ತು, ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಒಕ್ಕೂಟವಿತ್ತು. ಬೆಟ್ಟದ ಏರಿಗೆ ಇದಾವುದೂ ಇಲ್ಲ. ಎದುರುಗಾಳಿಯೋ ಬೆನ್ನುಗಾಳಿಯೋ, ಆ ದಿನ ಅದಕ್ಕೂ ಮೊದಲು ಎಷ್ಟು ಬೆಟ್ಟಗಳನ್ನು ದಾಟಿ ಬಂದಿದ್ದರು, ಬುಡದಿಂದಲೇ ಯಾರಾದರೂ ವೇಗ ಕಟ್ಟಿಕೊಟ್ಟರೇ, ಇಲ್ಲ ನಾಯಕರು ಒಬ್ಬರ ಮುಖ ಒಬ್ಬರು ನೋಡುತ್ತಾ ಅರ್ಧ ದಾರಿ ಕಳೆದರೇ ಎಂಬುದಾವುದೂ ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ. ಏರಿನಲ್ಲಿ ಗಾಳಿಯ ಲೆಕ್ಕ ಬೇಡ ಎನ್ನುವವರಿಗೆ ಒಂದು ಮಾತು: 13.8 ಕಿ.ಮೀ. ದಾರಿಯನ್ನು 37 ನಿಮಿಷ ಚಿಲ್ಲರೆಯಲ್ಲಿ ಮುಗಿಸುವುದೆಂದರೆ ಗಂಟೆಗೆ 22 ಕಿ.ಮೀ. ವೇಗ, ಮತ್ತು ಆ ವೇಗದಲ್ಲಿ ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋಗುವವರಿಗೆ ಸಿಗುವ ಲಾಭ ಅಲ್ಪವಾದದ್ದಲ್ಲ.

2024ರ ಜುಲೈ 14ರಂದು ಟೂರ್‌ನ ಪ್ಲಾಟೊ ದ ಬೇಯ್ ಏರಿನಲ್ಲಿ ಸ್ಲೊವೇನಿಯದ ಸವಾರ ತಾದೆಯ್ ಪೊಗಾಚರ್ 40 ನಿಮಿಷದೊಳಗೆ ತುದಿ ಮುಟ್ಟಿ, 1998ರ ಪಂತಾನಿಯವರ ಸಮಯವನ್ನು ಸುಮಾರು ಮೂರೂವರೆ ನಿಮಿಷದಷ್ಟು ಹಿಂದಿಕ್ಕಿದಾಗ ನಾವೆಲ್ಲ ಕ್ಷಣಾರ್ಧದಲ್ಲಿ ಎರಡು ಗುಂಪಾದೆವು. ಒಂದು ಗುಂಪು ಇವರಷ್ಟು ದೊಡ್ಡ ಸವಾರ ಹುಟ್ಟಿಯೇ ಇಲ್ಲ ಎಂದಿತು, ಇನ್ನೊಂದು ಗುಂಪು ಇದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ ಎಂದಿತು. ಎರಡೂ ಗುಂಪಿನ ಕೈಯಲ್ಲಿದ್ದ ಸಾಕ್ಷ್ಯ ಅದೇ ಒಂದು ಅಂಕಿ. ಅಂದು ಏರಿನ ಮೊದಲ ಭಾಗದಲ್ಲಿ ವೇಗ ಹೆಚ್ಚಿಸಿದ್ದು ಎದುರಾಳಿ ಯೊನಾಸ್ ವಿಂಗೆಗೋರ್ ಅವರ ತಂಡ. ತುದಿ ಇನ್ನೂ ಹತ್ತು ಕಿ.ಮೀ. ದೂರವಿರುವಾಗಲೇ ವಿಂಗೆಗೋರ್ ನುಗ್ಗಿದರು, ಪೊಗಾಚರ್ ಬಹಳ ಹೊತ್ತು ಅವರ ಚಕ್ರ ಬಿಡದೆ ಬಂದು, ಕೊನೆಯ ಐದಾರು ಕಿ.ಮೀ.ಗಳಲ್ಲಿ ಮಾತ್ರ ಒಂಟಿಯಾದರು. ಸೋತ ವಿಂಗೆಗೋರ್ ಕೂಡ ಪಂತಾನಿಯವರ ಸಮಯಕ್ಕಿಂತ ಬಹಳ ಮುಂದಿದ್ದರು. ಆ ದಾಖಲೆಯಲ್ಲಿ ಸೋತವರ ಪಾಲೂ ಇದೆ.

ಅನುಮಾನ ತಪ್ಪು ಎಂದು ನಾನು ಹೇಳಲಾರೆ. ಈ ಕ್ರೀಡೆ ನಮ್ಮನ್ನು ಅನುಮಾನಕ್ಕೆ ಪಳಗಿಸಿದೆ. 1996ರ ಟೂರ್‌ನಲ್ಲಿ ಓತಾಕಾಮ್ ಏರಿನಲ್ಲಿ ಡೆನ್ಮಾರ್ಕ್‌ನ ಬ್ಯಾರ್ನೆ ರೀಸ್ ಮಾಡಿದ್ದನ್ನು ನೋಡಿದವರು ಮರೆಯಲಾರರು. ಮುಂದೆ ಹೋಗುತ್ತಿದ್ದ ರೀಸ್ ಬೇಕೆಂದೇ ವೇಗ ತಗ್ಗಿಸಿ, ಗುಂಪಿನ ಪಕ್ಕದಲ್ಲೇ ಹಿಂದೆ ಸರಿಯುತ್ತಾ, ಒಬ್ಬೊಬ್ಬರ ಮುಖವನ್ನೂ ತಿರುಗಿ ನೋಡಿ, ಯಾರಲ್ಲಿ ಎಷ್ಟು ಉಸಿರು ಉಳಿದಿದೆ ಎಂದು ಅಳೆದುಕೊಂಡು ಮತ್ತೆ ಮುಂದಕ್ಕೆ ಚಿಮ್ಮಿದರು. ಸತತ ಐದು ಟೂರ್ ಗೆದ್ದಿದ್ದ ಮಿಗೆಲ್ ಇಂದುರಾಯಿನ್ ಅಂದು ಹಿಂದೆಯೇ ಉಳಿದರು. 2007ರಲ್ಲಿ ರೀಸ್ ತಾವು ಆ ವರ್ಷಗಳಲ್ಲಿ ಇಪಿಒ ಎಂಬ ಉದ್ದೀಪನ ಮದ್ದು ತೆಗೆದುಕೊಂಡಿದ್ದಾಗಿ ತಾವಾಗಿಯೇ ಒಪ್ಪಿಕೊಂಡರು. ಆ ಏರಿನ ಸಮಯ ಇಂದಿಗೂ ಅಭಿಮಾನಿಗಳ ಪಟ್ಟಿಯ ತಲೆಯಲ್ಲಿ ಕುಳಿತಿದೆ. ಅದನ್ನು ಅಳಿಸಬೇಕೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅಳಿಸಿದರೆ ಅಂದು ನಡೆದದ್ದೂ ಮರೆಯಾಗುತ್ತದೆ. ಆದರೆ ಅದರ ಪಕ್ಕದಲ್ಲಿ ಆ ತಪ್ಪೊಪ್ಪಿಗೆಯನ್ನೂ ಬರೆಯದೆ ಬರೀ ನಿಮಿಷ, ಸೆಕೆಂಡ್ ಕೊಡುವ ಪಟ್ಟಿಯನ್ನು ಪ್ರಾಮಾಣಿಕವೆಂದು ಒಪ್ಪಲಾರೆ.

ಹಾಗೆಂದು, ರೀಸ್ ಕಾಲದ ಸಮಯವನ್ನು ಯಾರಾದರೂ ಮೀರಿದರೆ ಅವರೂ ಅದೇ ದಾರಿ ಹಿಡಿದವರೆಂದು ತೀರ್ಪು ಕೊಡಲು ಗಡಿಯಾರವೊಂದೇ ಸಾಲದು. ಇಂದಿನ ಸವಾರರು ಗಂಟೆಗೆ 100ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಜೀರ್ಣಿಸಿಕೊಳ್ಳುವಂತೆ ಹೊಟ್ಟೆಯನ್ನೇ ಪಳಗಿಸುತ್ತಾರೆ. ಸೈಕಲ್‌ಗಳು ಹಗುರಾಗಿವೆ, ಟೈರುಗಳು ಸಲೀಸಾಗಿ ಉರುಳುತ್ತವೆ, ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದ್ದೇವೆ ಎಂಬುದು ಹ್ಯಾಂಡಲ್ ಮೇಲೆಯೇ ಕಾಣುತ್ತದೆ. ಇವುಗಳಿಂದ ಯಾರ ನಿರ್ದೋಷವೂ ಸಾಬೀತಾಗುವುದಿಲ್ಲ. ತುಲನೆ ಕಷ್ಟ ಎಂಬುದಷ್ಟೇ ಸಾಬೀತಾಗುತ್ತದೆ.

ನನ್ನ ಮಟ್ಟಿಗೆ ಕಳೆದ ಕೆಲವು ವರ್ಷಗಳ ಅತ್ಯುತ್ತಮ ಪರ್ವತ ಹಂತವೆಂದರೆ, ಅಂದರೆ ಟೂರ್‌ನ ಒಂದು ದಿನದ ಬೆಟ್ಟದ ಓಟವೆಂದರೆ, 2022ರ ಗ್ರಾನೋನ್ ಏರಿನದು. ಅದಕ್ಕೂ ಮೊದಲೇ ಗಾಲಿಬಿಯೇ ಬೆಟ್ಟದ ಸುತ್ತಮುತ್ತ ವಿಂಗೆಗೋರ್ ಮತ್ತು ಅವರ ತಂಡದ ಜೊತೆಗಾರ ಪ್ರಿಮೋಜ್ ರೋಗ್ಲಿಚ್ ಸರದಿಯಂತೆ ನುಗ್ಗಿ ನುಗ್ಗಿ ಪೊಗಾಚರ್ ಅವರನ್ನು ದಣಿಸಿದ್ದರು. ಕೊನೆಯ ಏರಿನಲ್ಲಿ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯ ಜಿಪ್ ಪೂರ್ತಿ ಬಿಚ್ಚಿ, ಭುಜಗಳು ಅತ್ತಿತ್ತ ತೂಗಾಡುತ್ತಾ, ಪೆಡಲ್ ತುಳಿಯುವುದೇ ಭಾರವಾಗಿ ಪೊಗಾಚರ್ ಕುಸಿದರು. ಸುಮಾರು ಮೂರು ನಿಮಿಷ ಕಳೆದುಕೊಂಡರು, ಜೆರ್ಸಿಯನ್ನೂ ಕಳೆದುಕೊಂಡರು. ಗ್ರಾನೋನ್ ಏರಲು ಅಂದು ಎಷ್ಟು ನಿಮಿಷ ಬೇಕಾಯಿತು ಎಂದು ಯಾರೂ ನನ್ನನ್ನು ಕೇಳಿಲ್ಲ. ಇಬ್ಬರ ನಡುವಿನ ಅಂತರವನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ.

ಪರ್ವತ ಹಂತದಲ್ಲಿ ಅಧಿಕೃತವಾದ ಒಂದು ಗಡುವು ಇದೆ, ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಗೆದ್ದವರ ಸಮಯದ ಮೇಲೆ ಇಂತಿಷ್ಟು ಶೇಕಡಾ ಎಂದು ಲೆಕ್ಕ ಹಾಕಿ, ಅದರೊಳಗೆ ಬರದವರನ್ನು ಸ್ಪರ್ಧೆಯಿಂದ ಹೊರಗೆ ಹಾಕುತ್ತಾರೆ. ಮುಂದಿನವರು ವೇಗ ಹೆಚ್ಚಿಸಿದಷ್ಟೂ ಹಿಂದಿನವರ ಕುತ್ತಿಗೆಗೆ ಗಡುವು ಬಿಗಿಯುತ್ತದೆ. 2018ರಲ್ಲಿ ಲಾ ರೋಸಿಯೇರ್ ಏರಿನಲ್ಲಿ ಸಪಾಟು ದಾರಿಯ ಕೊನೆಯ ಕ್ಷಣದ ವೇಗಕ್ಕೆ ಹೆಸರಾದ ಸವಾರ ಮಾರ್ಕ್ ಕ್ಯಾವೆಂಡಿಶ್ ಹಾಗೆಯೇ ಹೊರಬಿದ್ದಿದ್ದರು. 2021ರಲ್ಲಿ ತೀನ್ಯ್ ಏರಿನಲ್ಲಿ ಮತ್ತೆ ಅದೇ ಸ್ಥಿತಿ ಬಂದಾಗ ತಂಡದ ಜೊತೆಗಾರರು ಅವರನ್ನು ಬಿಟ್ಟು ಮುಂದೆ ಹೋಗಲಿಲ್ಲ. ಗಡುವಿಗೆ ಎರಡು ನಿಮಿಷವೂ ಉಳಿದಿರಲಿಲ್ಲ, ಆಗ ಗೆರೆ ದಾಟಿದ ಕ್ಯಾವೆಂಡಿಶ್ ಜೊತೆಗಾರರನ್ನು ತಬ್ಬಿಕೊಂಡು ಅತ್ತರು. ಒಂದು ದಿನದ ವಿಶ್ರಾಂತಿ ಕಳೆದು ಮುಂದಿನ ಹಂತವನ್ನೇ ವಲಾಂಸ್‌ನಲ್ಲಿ ಗೆದ್ದರು, ಅದೇ ವಾರ ಇನ್ನೊಂದನ್ನು ಗೆದ್ದು ಟೂರ್‌ನಲ್ಲಿ 34 ಹಂತ ಗೆದ್ದಿದ್ದ ಎಡ್ಡಿ ಮರ್ಕ್ಸ್ ಅವರ ದಾಖಲೆಯನ್ನು ಸರಿಗಟ್ಟಿದರು. ತೀನ್ಯ್ ಏರಿನ ವೇಗದ ಸಮಯಗಳ ಯಾವ ಪಟ್ಟಿಯಲ್ಲೂ ಅವರ ಹೆಸರಿಲ್ಲ.