ಪೋಷಕರ ಸಹಿ ಕಡ್ಡಾಯ

ನಮ್ಮ ದಾವಣಗೆರೆಯಲ್ಲಿ ಈಗ ವಯಸ್ಸಾದೋರು ಸುಮ್ನೆ ಮನೇಲಿ ಕೂರೋ ಹಾಗಿಲ್ಲ ನೋಡ್ರಿ. ಅರವತ್ತು ದಾಟಿದ್ದೇ ತಡ, ಯಾರೋ ಒಬ್ರು ಬಂದು ಏನಾದ್ರೂ ಒಂದು ಕಲಿಸಿಯೇ ಹೋಗ್ತಾರೆ. ಎಂಸಿಸಿ ಬಿ ಬ್ಲಾಕಲ್ಲಿ ವಾಕಿಂಗ್ ಹೊರಟ್ರೆ ಒಂದು ಬ್ಯಾನರ್, ವಿದ್ಯಾನಗರದ ಕಡೆ ತಿರುಗಿದ್ರೆ ಇನ್ನೊಂದು, ನಿಟುವಳ್ಳಿ ಕಡೆ ಹೋದ್ರೆ ಅಲ್ಲೂ ಒಂದು, ಎಲ್ಲದ್ರಲ್ಲೂ ಸಂಜೆ ಮುಸ್ಸಂಜೆ ಸಂಧ್ಯಾಕಾಲ ಅನ್ನೋ ಮಾತು ಇರಲೇಬೇಕು, ಕ್ಲಾಸ್ ಇರೋದು ಬೆಳಿಗ್ಗೆ ಹತ್ತು ಗಂಟೆಗಾದ್ರೂ ಸರಿ. ಬ್ಯಾನರಲ್ಲಿ ಎಂಟತ್ತು ಜನ ಗಣ್ಯರ ಮುಖ, ಕೆಳಗೆ ಮೂಲೆಯಲ್ಲಿ ಇಂಟರ್ನೆಟ್ಟಿಂದ ಇಳಿಸಿದ ಒಂದು ವಿದೇಶಿ ಅಜ್ಜ ಅಜ್ಜಿ ಜೋಡಿ, ಇಬ್ರಿಗೂ ಹಲ್ಲು ಮೂವತ್ತೆರಡೂ ಬಿಳೀ. ನಮ್ಮೂರಿನ ಅಜ್ಜಂದಿರ ಎಲೆ ಅಡಿಕೆ ಬಾಯಿ ಬ್ಯಾನರಿಗೆ ಹೊಂದಲ್ಲ ಅನ್ಸುತ್ತೆ.

ಇವೆಲ್ಲ ಜಾಸ್ತಿ ಹುಟ್ಟೋದು ಅಕ್ಟೋಬರ್ 1ರ ಅಕ್ಕಪಕ್ಕ. ಅವತ್ತು ವಿಶ್ವ ಹಿರಿಯರ ದಿನ, ಆ ವಾರ ಪೂರ್ತಿ ಶಾಲಿಗೂ ಫಲತಾಂಬೂಲಕ್ಕೂ ಒಳ್ಳೇ ವ್ಯಾಪಾರ. ಮೊನ್ನೆ ಇಂಥದ್ದೇ ಒಂದು ಶಿಬಿರಕ್ಕೆ ನಮ್ಮ ದೊಡ್ಡಮ್ಮನ್ನ ಕರ್ಕೊಂಡು ಹೋಗಿದ್ದೆ. ಯಾರು ನಡೆಸಿದ್ದು ಅಂತ ಕೇಳಬೇಡಿ, ಪಾಪ ಅವರೂ ನಮ್ಮೂರೋರೇ, ನಾಳೆ ಬೆಣ್ಣೆ ದೋಸೆ ಹೋಟ್ಲಲ್ಲಿ ಎದುರಾಗ್ತಾರೆ. ಮೊಣಕಾಲು ನೋವು ನಿಭಾಯಿಸೋದು ಹೇಗೆ ಅನ್ನೋದು ಮೊದಲನೇ ವಿಷಯ, ನಡೆದಿದ್ದು ಮೂರನೇ ಮಹಡೀಲಿ, ಲಿಫ್ಟಿಗೆ ರಿಪೇರಿ ಅಂತ ಚೀಟಿ ಅಂಟಿಸಿದ್ರು. ಅದ್ರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಮೇಲೆ ಹತ್ತಿ ಬಂದೋರಿಗೆಲ್ಲ ವಿಷಯ ಚೆನ್ನಾಗೇ ಅರ್ಥ ಆಗಿತ್ತು.

ಹತ್ತಕ್ಕೆ ಶುರು ಅಂದಿದ್ದು ಹನ್ನೆರಡಾದ್ರೂ ಮುಖ್ಯ ಅತಿಥಿಗಳು ಬರ್ಲಿಲ್ಲ. ಅಶೋಕ ರಸ್ತೆ ರೈಲ್ವೆ ಗೇಟು ಹಾಕಿತ್ತು ಅನ್ನೋದು ಈ ಊರಲ್ಲಿ ದಶಕಗಟ್ಟಲೆ ಮದ್ವೆ ಮುಂಜಿ ಪರೀಕ್ಷೆ ಎಲ್ಲದಕ್ಕೂ ನಡೀತಿದ್ದ ನೆಪ, ಈಗಿನ ಅತಿಥಿಗಳಿಗೆ ಅಷ್ಟು ನೆಪನೂ ಬೇಕಿಲ್ಲ, ಲೇಟಾಗಿ ಬರೋದೇ ದೊಡ್ಡಸ್ತಿಕೆ. ಹಾಲ್ ತುಂಬ ಶುಗರಿನವ್ರು, ಮಾತ್ರೆ ನುಂಗಿ ಊಟ ಇಲ್ದೆ ಕೂತಿದ್ರು, ಬಿಸ್ಕೆಟ್ ಪ್ಯಾಕೆಟ್ ವೇದಿಕೆ ಮೇಲೆ ಮಾತ್ರ. ಹೊತ್ತು ಕಳೀಲಿ ಅಂತ ಒಬ್ಬ ಟ್ರೈನರ್ ಬಂದು ನಗೋದು ಕಲಿಸ್ತೀನಿ ಅಂದ. ಈ ನಗೆ ಯೋಗ ಅನ್ನೋದನ್ನ ಶುರು ಮಾಡಿದ್ದು ಮುಂಬೈನ ಡಾಕ್ಟರ್ ಮದನ್ ಕಟಾರಿಯಾ, 1995ರಲ್ಲಿ, ಒಂದು ಪಾರ್ಕಿನಲ್ಲಿ ನಾಲ್ಕೈದು ಜನ ಸೇರಿಸ್ಕೊಂಡು. ಮೊದ್ಲು ಜೋಕ್ ಹೇಳ್ತಿದ್ರಂತೆ, ಜೋಕ್ ಖಾಲಿಯಾದ್ಮೇಲೆ ಸುಮ್ ಸುಮ್ನೇ ನಕ್ಕರೂ ಸಾಕು ಅಂತ ತೀರ್ಮಾನ ಆಯ್ತಂತೆ. ಅದು ಅವರ ಊರಿಗೆ ಸರಿ. ಇದು ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರು ಸ್ವಾಮಿ. ರಾತ್ರಿಯೆಲ್ಲ ಟೆಂಟಲ್ಲಿ ಕೂತು ಹಾಸ್ಯಪಾತ್ರ ಒಂದು ಸಲ ರಂಗಕ್ಕೆ ಬಂದ್ರೆ ಹೊಟ್ಟೆ ಹಿಡ್ಕೊಂಡು ಉರುಳಾಡಿದ ಜನಕ್ಕೆ ಈ ಹುಡುಗ ಮೈಕ್ ಹಿಡಿದು "ಎಲ್ರೂ ಹೊ ಹೊ ಹ ಹ ಹ ಅನ್ನಿ, ಜೋರಾಗಿ, ಕೇಳಿಸ್ತಿಲ್ಲ" ಅಂತಾನೆ. ಯಾರೂ ನಗ್ಲಿಲ್ಲ. ಆಮೇಲೆ ನಿರೂಪಕಿ ಬಂದು "ಸಮಯಪ್ರಜ್ಞೆಗೆ ಹೆಸರಾದ ನಮ್ಮ ಮುಖ್ಯ ಅತಿಥಿಗಳು ಇನ್ನೇನು ಆಗಮಿಸಲಿದ್ದಾರೆ" ಅಂದ್ಲು ನೋಡಿ, ಇಡೀ ಹಾಲ್ ನಕ್ಕಿತು.

ಆಮೇಲೆ ಆಹಾರದ ಕ್ಲಾಸು. 2023ನ್ನ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡ್ತಲ್ಲ, ಆ ವರ್ಷ ಮುಗಿದು ಎಷ್ಟೋ ದಿನ ಆಯ್ತು, ಅದ್ರ ಸ್ಲೈಡುಗಳು ಮಾತ್ರ ಇನ್ನೂ ಮುಗಿದಿಲ್ಲ. ಒಂದು ಹುಡುಗಿ ಪ್ರೊಜೆಕ್ಟರಲ್ಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಒಂದೊಂದೇ ಫೋಟೋ ತೋರಿಸಿ "ಇದನ್ನ ಯಾರಾದ್ರೂ ನೋಡಿದ್ದೀರಾ" ಅಂತ ಕೇಳಿದ್ಲು. ಕೂತಿದ್ದೋರಲ್ಲಿ ಅರ್ಧ ಜನ ಜಗಳೂರು, ಚಿತ್ರದುರ್ಗ, ಚಳ್ಳಕೆರೆ ಕಡೆಯೋರು. 1997ಕ್ಕೆ ಮುಂಚೆ ಇದೆಲ್ಲ ಒಂದೇ ಜಿಲ್ಲೆ, ಒಂದೇ ಬರಗಾಲ. ನಮ್ಮ ದೊಡ್ಡಮ್ಮನ ತವರು ಜಗಳೂರು ಕಡೆ, ನವಣೆ ಬಿತ್ತಿ ಕೊಯ್ದು ಬಡಿದು ಒರಳಿಗೆ ಹಾಕಿ ಕುಟ್ಟಿ ಕೇರಿ ಅನ್ನ ಮಾಡಿದ ಕೈ ಅದು. ಸುಮ್ನಿರ್ತಾಳಾ?

"ಏ ತಂಗಿ, ನೆಲ್ಲಕ್ಕಿ ಅನ್ನ ಕಾಣಾಕ ನಾವು ಉಗಾದಿ ಯಾವಾಗ ಬರ್ತೈತೋ ಅಂತ ಕಾಯ್ತಿದ್ವಿ. ದಿನಾ ನವಣಿ ಉಂಡು ಉಂಡು ಸಾಕಾಗಿ, ಮಕ್ಳಾದ್ರೂ ಅಕ್ಕಿ ಅನ್ನ ಉಣ್ಲಿ ಅಂತ ಓದಿಸಿ ಪ್ಯಾಟಿಗೆ ಕಳಿಸಿದ್ವಿ. ಈಗ ನೀ ಬಂದು ಅಕ್ಕಿ ಬಿಡು ನವಣಿ ತಿನ್ನು ಅಂತೀಯಲ್ಲ, ಈ ಮಾತು ಐವತ್ತು ವರ್ಷದ ಹಿಂದ ಹೇಳಿದ್ರ ನಾವು ಹಳ್ಳಿ ಯಾಕ ಬಿಡ್ತಿದ್ವಿ?"

ಆ ಹುಡುಗಿ ಒಳ್ಳೇ ಮಗು, "ಅಜ್ಜಿ, ನೀವೇ ಒಂದ್ ನಿಮಿಷ ಮೈಕಲ್ಲಿ ಹೇಳಿ" ಅಂತ ಕರೆದ್ಲು, ಆಯೋಜಕರು ಓಡಿ ಬಂದು ಸಮಯದ ಅಭಾವ ಅಂತ ಮೈಕ್ ಕಿತ್ಕೊಂಡ್ರು. ನವಣೆ ಬಗ್ಗೆ ಗೊತ್ತಿರೋರು ಮಾತಾಡೋಕೆ ಸಮಯದ ಅಭಾವ. ಬೆಣ್ಣೆ, ಕರಿದ ಪದಾರ್ಥ ಬಿಟ್ಟುಬಿಡಿ ಅಂತ ಕೊನೆ ಸ್ಲೈಡು ಇತ್ತು. ಮಂಡಕ್ಕಿ ಮಿರ್ಚಿ ಊರಲ್ಲಿ ಬಂದು ಈ ಮಾತು ಹೇಳೋಕೂ ಒಂದು ಧೈರ್ಯ ಬೇಕು ಬಿಡಿ. ಇಷ್ಟೆಲ್ಲ ಆದ್ಮೇಲೆ ಹಿರಿಯರಿಗೆ ಪೊಟ್ಟಣದಲ್ಲಿ ಉಪ್ಪಿಟ್ಟು, ಗಣ್ಯರನ್ನ ಕಾರಲ್ಲಿ ಕೂರಿಸ್ಕೊಂಡು ಸೀದಾ ಬೆಣ್ಣೆ ದೋಸೆಗೆ.

ಹಕ್ಕುಗಳ ಬಗ್ಗೆ ಒಂದು ಉಪನ್ಯಾಸ ಬೇರೆ ಇತ್ತು. ಹಿರಿಯರ ಪೋಷಣೆ ಕಾಯ್ದೆ 2007ರದ್ದು, ಅರವತ್ತಾದೋರೆಲ್ಲ ಹಿರಿಯ ನಾಗರಿಕರು, ಮಕ್ಕಳು ನೋಡ್ಕೊಳ್ದಿದ್ರೆ ಟ್ರಿಬ್ಯುನಲ್‌ಗೆ ಅರ್ಜಿ ಹಾಕಬಹುದು, ಇಲ್ಲೀತನಕ ಸರಿಯಾಗೇ ಇತ್ತು. ಆಮೇಲೆ ರೈಲಲ್ಲಿ ಗಂಡಸ್ರಿಗೆ ಶೇ 40, ಹೆಂಗಸ್ರಿಗೆ ಶೇ 50 ರಿಯಾಯಿತಿ ಇದೆ, ಸದುಪಯೋಗ ಪಡ್ಕೊಳ್ಳಿ ಅಂದ್ರು. ಹಿಂದಿನ ಸಾಲಿಂದ ಒಬ್ಬ ರಿಟೈರ್ಡ್ ಗುಮಾಸ್ತರು ಎದ್ದು "ಸಾರ್, ಅದು 2020ರ ಮಾರ್ಚಲ್ಲೇ ತೆಗೆದ್ರು, ಕೊರೋನಾ ಹೋಯ್ತು, ರಿಯಾಯಿತಿ ವಾಪಸ್ ಬರ್ಲಿಲ್ಲ. ಕೆಎಸ್ಆರ್‌ಟಿಸಿಯ ಶೇ 25 ಇದೆ ನೋಡಿ, ಅದನ್ನ ಹೇಳಿ" ಅಂದ್ರು. ಉಪನ್ಯಾಸಕರು ಅವರಿಗೆ ಧನ್ಯವಾದ ಹೇಳಿ ಮುಂದಿನ ಸ್ಲೈಡಿಗೆ ಹೋದ್ರು. ಕಲಿತಿದ್ದು ಯಾರು ಕಲಿಸಿದ್ದು ಯಾರು ಅಂತ ನಾನು ಕೇಳ್ಲಿಲ್ಲ.

ಈಗ ಮುಖ್ಯ ವಿಷಯ, ಮೊಬೈಲ್ ಕ್ಲಾಸು. ಇದಕ್ಕೆ ಆನ್‌ಲೈನ್ ರಿಜಿಸ್ಟ್ರೇಷನ್ ಕಡ್ಡಾಯ. ಅಂದ್ರೆ ಫೋನ್ ಬಳಸೋದು ಕಲೀಬೇಕಂದ್ರೆ ಮೊದ್ಲು ಫೋನಲ್ಲಿ ಲಿಂಕ್ ಒತ್ತಿ, ಫಾರ್ಮ್ ತುಂಬಿ, ಆಧಾರ್ ಫೋಟೋ ತೆಗೆದು ಅಪ್ಲೋಡ್ ಮಾಡಿ, ಓಟಿಪಿ ಹಾಕಬೇಕು, ಇಷ್ಟು ಬರೋರಿಗೆ ಪ್ರವೇಶ. ಇಷ್ಟು ಬಂದ್ರೆ ಅವರೇ ಇನ್ನೊಬ್ರಿಗೆ ಸೈಬರ್ ಸೆಂಟರ್ ಇಟ್ಕೊಡ್ತಾರೆ ಕಣ್ರಿ. ಫಾರ್ಮ್ ಇನ್ನೂ ಚಂದ. ಬೇಸಿಗೇಲಿ ಅದೇ ಸಂಸ್ಥೆ ಮಕ್ಕಳ ಶಿಬಿರ ನಡೆಸಿತ್ತಂತೆ, ಆ ಫಾರ್ಮಿನ ತಲೆಬರಹ ಒಂದು ಬದಲಾಯಿಸಿ ಬಿಟ್ಟಿದ್ದಾರೆ. ಯಾವ ಶಾಲೆ, ಯಾವ ತರಗತಿ, ಇಷ್ಟದ ಬಣ್ಣ, ಈಜು ಬರುತ್ತಾ, ಮಗುವನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ. ವಯಸ್ಸಿನ ಕಾಲಮ್ಮಲ್ಲಿ ಹದಿನೈದರ ಮೇಲೆ ಆಯ್ಕೆನೇ ಇಲ್ಲ, ಹಾಗಾಗಿ ಹಾಲಲ್ಲಿದ್ದ ಎಲ್ಲ ಅಜ್ಜ ಅಜ್ಜಿಯರೂ ದಾಖಲೆ ಪ್ರಕಾರ ಹದಿನೈದು ವರ್ಷದೋರು. ಕೊನೇಲಿ ಪೋಷಕರ ಸಹಿ ಕಡ್ಡಾಯ ಅಂತ ಕೆಂಪು ಚುಕ್ಕೆ. ಎಂಬತ್ತರ ಹತ್ರ ಇರೋ, ಕಾಟನ್ ಮಿಲ್ಲಲ್ಲಿ ಫಿಟ್ಟರ್ ಆಗಿದ್ದ ಅಜ್ಜಾರು ಕೌಂಟರ್ ಹುಡುಗನ್ನ ಕೇಳಿದ್ರು, "ಸಹಿ ಬೇಕಂದ್ರ ನಾ ಅಪ್ಪನ ಹತ್ರಾನೇ ಹೋಗಬೇಕಾಗ್ತೈತಿ ತಮ್ಮ, ಹೋದ್ರ ಮತ್ತ ಕ್ಲಾಸಿಗೆ ಬರಾಕಾಗಲ್ಲ, ಏನ್ ಮಾಡ್ಲಿ?" ಹುಡುಗ ತಲೆ ಎತ್ತದೆ "ಸ್ಕ್ಯಾನ್ ಮಾಡಿ ವಾಟ್ಸಾಪ್ ಮಾಡಿ ಅಜ್ಜ" ಅಂದ.

ಪಾಠ ಹೇಳೋಕೆ ಬಂದವನು ಒಬ್ಬ ಇಂಜಿನಿಯರಿಂಗ್ ಹುಡುಗ, ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಬಂದಿದ್ದು, ಅವನ್ನ ಬೈದು ಪ್ರಯೋಜನ ಇಲ್ಲ. ಮೊದಲ ಪಾಠ ಚೆನ್ನಾಗೇ ಮಾಡಿದ. ಓಟಿಪಿ ಅನ್ನೋದು ಮನೆ ಬೀಗದ ಕೈ ಇದ್ದಂಗೆ, ಬ್ಯಾಂಕಿನವ್ರು ಅಂದ್ರೂ ಹೇಳಬೇಡಿ, ಪೊಲೀಸು ಅಂದ್ರೂ ಹೇಳಬೇಡಿ, ದೇವ್ರು ಬಂದು ಕೇಳಿದ್ರೂ ಹೇಳಬೇಡಿ. ಎಲ್ರೂ ಎರಡು ಸಲ ಒಟ್ಟಿಗೆ ಹೇಳಿದ್ರು, ಹೇಳಲ್ಲ, ಹೇಳಲ್ಲ. ಆಮೇಲೆ ಆಯೋಜಕರು ಅವನ ಕಿವೀಲಿ ಏನೋ ಪಿಸುಗುಟ್ಟಿದ್ರು, ರಿಜಿಸ್ಟ್ರೇಷನ್ ಅರ್ಧ ಜನದ್ದು ಪೂರ್ತಿ ಆಗಿಲ್ಲ, ಮಧ್ಯಾಹ್ನದೊಳಗೆ ಲಿಸ್ಟ್ ಕಳಿಸ್ಬೇಕು ಅಂತ. ಆ ಹುಡುಗ ಲ್ಯಾಪ್‌ಟಾಪ್ ತೆಗೆದು ಕೂತು "ಈಗ ಎಲ್ರ ಫೋನಿಗೂ ಒಂದು ಓಟಿಪಿ ಬರುತ್ತೆ, ಒಬ್ಬೊಬ್ರೇ ಜೋರಾಗಿ ಓದಿ ಹೇಳಿ" ಅಂದ.

ಹಾಲ್ ತುಂಬ ಓಟಿಪಿ. ಒಬ್ರು ನಾಲ್ಕು ಎಂಟು ಅಂದ್ರೆ ಇನ್ನೊಬ್ರು ಸೊನ್ನೆ ಸೊನ್ನೆ ಅಂತಿದ್ರು, ಕಿವಿ ಕೇಳದೋರಿಗೆ ಪಕ್ಕದೋರು ಅವರ ಓಟಿಪಿ ಕೂಗಿ ಹೇಳ್ತಿದ್ರು, ಒಬ್ಬ ಅಜ್ಜಿ ಕನ್ನಡಕ ತಂದಿಲ್ಲ ಅಂತ ಫೋನನ್ನೇ ಕೈಯಿಂದ ಕೈಗೆ ದಾಟಿಸಿ ವೇದಿಕೆಗೆ ಕಳಿಸಿದ್ರು, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹರಾಜು ಕೂಗೋವಾಗ ಕೂಡ ಇಷ್ಟು ಗಲಾಟೆ ಇರಲ್ಲ. ನಮ್ಮ ದೊಡ್ಡಮ್ಮನ ಸರದಿ ಬಂತು. ಫೋನನ್ನ ಸೆರಗಿನೊಳಗೆ ಹಾಕ್ಕೊಂಡು ಕೂತ್ಲು.

"ಅಜ್ಜಿ, ಓಟಿಪಿ ಹೇಳಿ."

"ಹೇಳಲ್ಲಪ. ಈಗ ತಾನೆ ದೇವ್ರಿಗೂ ಹೇಳಬ್ಯಾಡ್ರಿ ಅಂದೀದಿ."

"ಅಯ್ಯೋ ನಾನು ಬೇರೆ ಅಜ್ಜಿ, ನಾನು ಕಲಿಸೋಕೆ ಬಂದೋನು."

"ಮೋಸ ಮಾಡೋನೂ ನಾನು ಬ್ಯಾರೆ ಅಂತಲೇ ಹೇಳ್ತಾನಂತ, ಅದನ್ನೂ ನೀನೇ ಹೇಳಿದ್ದು."

ಅವತ್ತು ಆ ಪಾಠದಲ್ಲಿ ಪಾಸಾದೋಳು ಅವಳೊಬ್ಳೇ. ಓಟಿಪಿ ಕೊಡದೆ ರಿಜಿಸ್ಟ್ರೇಷನ್ ಪೂರ್ತಿ ಆಗ್ಲಿಲ್ಲ ಅಂತ ಲಿಸ್ಟಲ್ಲಿ ಗೈರುಹಾಜರಿ ಹಾಕಿದ್ರು, ಸರ್ಟಿಫಿಕೇಟ್ ಕೊಡ್ಲಿಲ್ಲ. ಓಟಿಪಿ ಕೂಗಿ ಹೇಳಿದೋರಿಗೆಲ್ಲ ಡಿಜಿಟಲ್ ಸುರಕ್ಷತೆಯಲ್ಲಿ ಪರಿಣತರು ಅಂತ ಬಣ್ಣದ ಕಾಗದ.

ನಿಜವಾಗ್ಲೂ ಬೇಕಾಗಿದ್ದು ಏನು? ಡಿಜಿಟಲ್ ಅರೆಸ್ಟ್ ಅನ್ನೋದು ಯಾವ ಕಾನೂನಲ್ಲೂ ಇಲ್ಲ, ವಿಡಿಯೋ ಕಾಲಲ್ಲಿ ಖಾಕಿ ಹಾಕ್ಕೊಂಡು ಹೆದರಿಸಿದ್ರೆ ಕಟ್ ಮಾಡಿ, ದುಡ್ಡು ಹೋದ್ರೆ ತಡ ಮಾಡ್ದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇರೆ ಏನೇ ತೊಂದ್ರೆ ಇದ್ರೂ ಹಿರಿಯರ ಸಹಾಯವಾಣಿ 14567 ಇದೆ, ಇಷ್ಟು ಹೇಳೋಕೆ ಐದು ನಿಮಿಷ ಸಾಕಿತ್ತು. ಪಿಂಚಣಿಯವ್ರಿಗೆ ಪ್ರತಿ ನವೆಂಬರಲ್ಲಿ ತಾವು ಬದುಕಿದ್ದೀವಿ ಅಂತ ತೋರಿಸೋ ಕೆಲಸ ಇರುತ್ತಲ್ಲ, 2014ರಿಂದ ಅದನ್ನ ಆಧಾರ್ ಮೂಲಕ ಡಿಜಿಟಲ್ಲಾಗಿ ಮಾಡೋಕೆ ಜೀವನ್ ಪ್ರಮಾಣ್ ಅಂತ ಬಂದಿದೆ, ಬೆರಳಚ್ಚು ಸವೆದು ಹೋದೋರು ಪರದಾಡ್ತಿದ್ರು, 2021ರಿಂದ ಮುಖ ತೋರಿಸಿದ್ರೆ ಫೋನಲ್ಲೇ ಮನೇಲೇ ಆಗುತ್ತೆ, ಅದೊಂದನ್ನ ಕೈ ಹಿಡಿದು ಮಾಡಿಸಿದ್ರೆ ಅಜ್ಜಾರು ಬ್ಯಾಂಕ್ ಮೆಟ್ಲು ಹತ್ತೋದು ತಪ್ತಿತ್ತು. ಅದಕ್ಕೆ ಟೈಮ್ ಇರ್ಲಿಲ್ಲ, ಯಾಕಂದ್ರೆ ಕೃತಕ ಬುದ್ಧಿಮತ್ತೆ ಯುಗದಲ್ಲಿ ಹಿರಿಯರ ಪಾತ್ರ ಅನ್ನೋ ವಿಷಯದ ಮೇಲೆ ಅಧ್ಯಕ್ಷರ ಭಾಷಣ ಇತ್ತು. ಸಹಜ ಬುದ್ಧಿಯೋರು ಅಷ್ಟೊತ್ತಿಗೆ ನಿದ್ದೆ ಹೋಗಿದ್ರು.

ವಯಸ್ಸಾದೋರ ಕಲಿಕೆ ಅನ್ನೋದೇ ತಮಾಷೆ ಅಂತ ನಾನು ಹೇಳ್ತಿಲ್ಲ ಮತ್ತೆ. 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ನಿವೃತ್ತರಿಗಂತಲೇ ಒಂದು ವಿಶ್ವವಿದ್ಯಾಲಯ ಶುರು ಮಾಡಿದ್ರು, ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಅಂತ. ಅಲ್ಲಿ ಪ್ರೊಫೆಸರುಗಳು ಬಂದು ಪಾಠ ಹೇಳ್ತಿದ್ರು. 1982ರ ಹೊತ್ತಿಗೆ ಬ್ರಿಟನ್ನಿಗೆ ಬಂದಾಗ ಅಲ್ಲಿಯೋರು ಅದನ್ನ ತಿರುಗಿಸಿಬಿಟ್ರು, ಹೊರಗಿನ ಮೇಷ್ಟ್ರೇ ಬೇಡ, ಜೀವಮಾನ ಪೂರ್ತಿ ಒಂದೊಂದು ಕಸುಬು ಮಾಡಿದ ಜನ ಕೂತಿದ್ದಾರೆ, ಗೊತ್ತಿದ್ದೋರು ಗೊತ್ತಿಲ್ದೋರಿಗೆ ಹೇಳಲಿ, ಪರೀಕ್ಷೆ ಬೇಡ ಡಿಗ್ರಿ ಬೇಡ ಅಂತ. ನಮ್ಮಲ್ಲಿ ಇದು ನಡೆಯೋ ಮಾತಾ? ಸರ್ಟಿಫಿಕೇಟ್ ಇಲ್ಲ ಅಂದ್ರೆ ವಿತರಣೆ ಇಲ್ಲ, ವಿತರಣೆ ಇಲ್ಲ ಅಂದ್ರೆ ಫೋಟೋ ಇಲ್ಲ, ಫೋಟೋ ಇಲ್ಲ ಅಂದ್ಮೇಲೆ ಗಣ್ಯರು ಯಾಕೆ ಬರ್ತಾರೆ, ಗಣ್ಯರೇ ಬರದಿದ್ರೆ ಅಜ್ಜ ಅಜ್ಜಿಯರನ್ನ ಕಟ್ಕೊಂಡು ಸಂಸ್ಥೆಯೋರು ಏನ್ ಮಾಡ್ಬೇಕು ಪಾಪ. ಆ ಹಾಲಲ್ಲಿ ಯಾರ್ಯಾರಿದ್ರು ಗೊತ್ತಾ? ದಲಾಲಿ ಅಂಗಡೀಲಿ ನಲವತ್ತು ವರ್ಷ ಲೆಕ್ಕ ಬರೆದು, ಈಗ್ಲೂ ಚೀಲ ಕ್ವಿಂಟಾಲು ದರ ಕಮಿಷನ್ನು ಎಲ್ಲ ಬಾಯಲ್ಲೇ ಹೇಳೋರು, ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದ ನರ್ಸಮ್ಮ, ಹಳಗನ್ನಡ ಬಾಯಿಪಾಠ ಇರೋ ಟೀಚರಮ್ಮ, ಮಿಷಿನ್ನಿನ ಸದ್ದು ಕೇಳಿನೇ ಎಲ್ಲಿ ಕೆಟ್ಟಿದೆ ಅಂತ ಹೇಳ್ತಿದ್ದ ಆ ಮಿಲ್ ಅಜ್ಜಾರು. ಇಷ್ಟು ಜನ ಮೇಷ್ಟ್ರನ್ನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ಅವರಿಗೆ ಉಸಿರಾಡೋದು ಹೇಗೆ ಅಂತ ಮೇಲಿಂದ ಕಲಿಸ್ತಾರೆ.

ಟೀಚರಮ್ಮ ಸುಮ್ನೆ ಬಿಡ್ಲಿಲ್ಲ, ಮುಂದಿನ ಬ್ಯಾಚಿಗೆ ವಾರಕ್ಕೊಬ್ರಂತೆ ನಾವೇ ಒಂದೊಂದು ಗಂಟೆ ತಗೋತೀವಿ, ನಮಗೆ ಶಾಲೂ ಬೇಡ ಹಾರಾನೂ ಬೇಡ, ಆ ಇಂಜಿನಿಯರಿಂಗ್ ಹುಡುಗನ್ನ ಮಾತ್ರ ಮಧ್ಯದಲ್ಲಿ ಕೂರಿಸಿ, ಅವನು ನಮಗೆ ಫೋನ್ ಹೇಳ್ಕೊಡ್ಲಿ, ನಾವು ಅವನಿಗೆ ಬೇರೇದು ಹೇಳ್ಕೊಡ್ತೀವಿ ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದು ಎಲ್ರ ಹತ್ರ ಸಹಿ ಮಾಡಿಸಿ ಕೊಟ್ರು. ಆಯೋಜಕರು ಕೈಮುಗಿದು, ನಿಮ್ಮ ಸಲಹೆ ಅಮೂಲ್ಯ ಅಮ್ಮ, ಆದ್ರೆ ಮುಂದಿನ ಬ್ಯಾಚಿನ ವಿಷಯ ಆಗ್ಲೇ ಫಿಕ್ಸ್ ಆಗಿದೆ, ಮಕ್ಕಳ ಶಿಬಿರದ್ದು ಕಲರ್ ಪೇಪರ್ ಬಹಳ ಉಳಿದಿದೆ, ನಿಮಗೆಲ್ಲ ಟೋಪಿ ಮಾಡೋದು ಕಲಿಸ್ತೀವಿ ಅಂದ್ರು.

ಅಲ್ಲೇ ಮೆಟ್ಲು ಇಳೀತಿದ್ದ ದೊಡ್ಡಮ್ಮ ನಿಂತು ತಿರುಗಿ, "ಬರ್ತೀನಪ. ಇವತ್ತು ಹಾಕೋದು ನೋಡ್ದೆ, ಮಾಡೋದೊಂದು ಬಾಕಿ ಐತಿ" ಅಂದ್ಲು.