ಆ್ಯಂಪ್ ಪೆಟ್ಟಿಗೆಯೊಳಗೆ ರ‍್ಯಾಕ್ ಎಫೆಕ್ಟ್ಸ್: ಒಂದು ಸ್ಪಷ್ಟನೆ

ಗಿಟಾರ್ ಆ್ಯಂಪ್ಲಿಫೈಯರ್‌ನ ಪೆಟ್ಟಿಗೆಯಲ್ಲಿ ಜಾಗವಿದ್ದರೆ ಯಾವ ರ‍್ಯಾಕ್ ಎಫೆಕ್ಟ್ಸ್ ಯೂನಿಟ್ಟನ್ನಾದರೂ (ಗಿಟಾರಿನ ಸದ್ದಿಗೆ ಪ್ರತಿಧ್ವನಿಯಂಥ ಪರಿಣಾಮ ಕೊಡುವ, ಚೌಕಟ್ಟಿಗೆ ಬಿಗಿಯುವ ಸಾಧನ) ಒಳಗೇ ಕೂರಿಸಬಹುದು, ಗುಂಯ್‌ಗುಡುವ ಸದ್ದು ಬಂದರೆ ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆದರಾಯಿತು ಎಂಬ ಸಂದೇಶವೊಂದು ಹುಬ್ಬಳ್ಳಿ-ಧಾರವಾಡದ ರಸಮಂಜರಿ ಕಲಾವಿದರ ನಡುವೆ ಹರಿದಾಡುತ್ತಿದೆ. ಮೊದಲ ಮಾತು ಅರ್ಧ ಸತ್ಯ. ಎರಡನೆಯದು ಜೀವಕ್ಕೆ ಅಪಾಯಕಾರಿ.

ರ‍್ಯಾಕ್ ಯೂನಿಟ್ಟಿನ ಮುಖಫಲಕದ ಅಗಲ 19 ಇಂಚು, ಒಂದು ‘ಯು’ ಎತ್ತರವೆಂದರೆ 1.75 ಇಂಚು, ಸಣ್ಣ ಕಾಂಬೊಗಳಲ್ಲಿ (ಆ್ಯಂಪು, ಸ್ಪೀಕರು ಒಂದೇ ಪೆಟ್ಟಿಗೆಯಲ್ಲಿರುವವು) ಅಷ್ಟು ಅಗಲವೇ ಸಿಗುವುದಿಲ್ಲ. ಸಿಕ್ಕರೂ ಆ್ಯಂಪಿನ ಗಾಜಿನ ಕೊಳವೆಗಳಾದ ವಾಲ್ವ್‌ಗಳ ಬಿಸಿಗೆ ಯೂನಿಟ್ಟಿನಲ್ಲಿ ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬೇಗ ಸೊರಗುತ್ತವೆ, ಸ್ಪೀಕರಿನ ಅದುರಿಗೆ ಸ್ಕ್ರೂಗಳು ಸಡಿಲಗೊಳ್ಳುತ್ತವೆ.

ಒಳಗೆ ಕೂರಿಸಿದಾಗ ಬರುವ ಸದ್ದಿಗೆ ಅನೇಕ ಸಲ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೇ ಕಾರಣವಾಗಿದ್ದು, ಯೂನಿಟ್ಟನ್ನು ದೂರ ಸರಿಸಿದರೆ ಅದು ತಗ್ಗುತ್ತದೆಯೇ ಹೊರತು ಅರ್ಥಿಂಗ್ ತೆಗೆದರೆ ಅಲ್ಲ. ಗ್ರೌಂಡ್ ಲೂಪಿನ (ಎರಡು ಸಾಧನಗಳ ನಡುವೆ ಅರ್ಥಿಂಗ್ ಮತ್ತು ಸಿಗ್ನಲ್ ಕೇಬಲ್ ಸೇರಿ ಆಗುವ ಸುತ್ತು) ಸದ್ದಾದರೆ ಪಿನ್ ತೆಗೆದಾಗ ನಿಲ್ಲುವುದುಂಟು; ಜನ ಈ ಸಂದೇಶವನ್ನು ನಂಬಿದ್ದು ಅದರಿಂದಲೇ ಇರಬೇಕು. ಆದರೆ ಅರ್ಥಿಂಗ್ ಇಲ್ಲದ ಆ್ಯಂಪಿನೊಳಗೆ ಫೇಸ್ ತಂತಿ ಬಿಟ್ಟುಕೊಂಡು ಲೋಹದ ಚೌಕಟ್ಟಾದ ಚಾಸಿಗೆ ತಗುಲಿದರೆ, 230 ವೋಲ್ಟ್ ಕರೆಂಟು ಕೇಬಲ್ಲಿನ ಹೊರಹೆಣಿಗೆಯ ಮೂಲಕ ಗಿಟಾರಿನ ತಂತಿಗೆ, ಅಲ್ಲಿಂದ ನುಡಿಸುವವರ ಬೆರಳಿಗೆ ಬರುತ್ತದೆ. ಮೈಕಿಗೆ ತುಟಿ ತಾಗಿಸಿ ಹಾಡುವ ಗಿಟಾರ್ ವಾದಕರಿಗೆ ಇದು ಇನ್ನೂ ಘೋರ; ಮೈಕು ಅರ್ಥಿಂಗ್‌ಗೆ ಸೇರಿದ್ದರೆ ಕರೆಂಟು ಮೈಮೂಲಕವೇ ಹರಿಯುತ್ತದೆ. ಲೂಪನ್ನು ಕಡಿಯಬೇಕಾದದ್ದು ಸಿಗ್ನಲ್ ಕೇಬಲ್ಲಿನಲ್ಲಿ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಪ್ಲಗ್ ಕಿತ್ತ ಬಳಿಕವೂ ವಾಲ್ವ್ ಆ್ಯಂಪಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ, ಮರಗೆಲಸ ಬಲ್ಲೆನೆಂಬ ಧೈರ್ಯದಿಂದ ಚಾಸಿಗೆ ಕೈಹಾಕಬಾರದು. ಯೂನಿಟ್ಟನ್ನು ಪ್ರತ್ಯೇಕ ರ‍್ಯಾಕ್ ಪೆಟ್ಟಿಗೆಯಲ್ಲಿಟ್ಟು, ಆ್ಯಂಪಿನಲ್ಲಿ ಎಫೆಕ್ಟ್ಸ್ ಲೂಪ್ (ಸಿಗ್ನಲ್ಲನ್ನು ಹೊರಗಿನ ಯೂನಿಟ್ಟಿಗೆ ಕಳಿಸಿ ಮರಳಿ ಪಡೆಯುವ ಜೋಡಿ ಸಾಕೆಟ್) ಇದ್ದರೆ ಅದರ ಸೆಂಡ್-ರಿಟರ್ನ್‌ಗೆ ಜೋಡಿಸಿ, ಎರಡರ ಸಿಗ್ನಲ್ ಮಟ್ಟ ಹೊಂದುವುದೇ ಎಂದು ನೋಡಿಕೊಂಡರೆ ಸಾಕು.